ವೈಟ್ಟಿಲದ ಹಸು ಕಂದು ಹಾಕಿದ್ದು

ಅಕ್ಕಾ, ನಿನ್ನ ಮಗು ಹೊಟ್ಟೆಯಲ್ಲೇ ಹೋದದ್ದಕ್ಕೆ ನೀನು ಹೊತ್ತ ನೀರಿನ ಕೊಡ ಕಾರಣವಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ನಿನ್ನ ಮೇಲೆಯೇ ಹಾಕಿದೆ.

ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು. ನಾನು ಪಶುವೈದ್ಯನಾಗಿ ತಿರುವನಂತಪುರಕ್ಕೆ ಬಂದಿದ್ದೆ. ಭಾವನಿಗೆ ಎರ್ನಾಕುಲದ ಬ್ಯಾಂಕಿನಲ್ಲಿ ಕೆಲಸ. ನಿಮ್ಮ ಮನೆ ಅಲ್ಲೇ ಹತ್ತಿರ, ವೈಟ್ಟಿಲದ ಗದ್ದೆಗಳ ಬದಿಯಲ್ಲಿ. ನೀನು ಬಸುರಿ ಎಂದು ತಿಳಿದಾಗ ಗಬ್ಬದ ಹಸುವೊಂದನ್ನು ನಾನೇ ಆರಿಸಿ ತಂದು ಕಟ್ಟಿದೆ. ಮೊದಲು ಅದರ ರಕ್ತ ಪರೀಕ್ಷಿಸಬೇಕಿತ್ತು. ಪರೀಕ್ಷಿಸಲಿಲ್ಲ. ಮೈಕಟ್ಟು ನೋಡಿ ಮೆಚ್ಚಿದ್ದೆ, ಅಷ್ಟೆ. "ನಮ್ಮ ಡಾಕ್ಟರು ಆರಿಸಿದ ದನ" ಎಂದು ಭಾವ ಕಂಡವರಿಗೆಲ್ಲ ಹೇಳುತ್ತಿದ್ದರು—ನನಗೆ ಹಿತವಾಗುತ್ತಿತ್ತು.

ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರುವನ್ನು ನೀನೇ ಬರಿಗೈಯಲ್ಲಿ ಎಳೆದೆ, ಕೊಟ್ಟಿಗೆ ತೊಳೆದೆ. ನಾನು ಬಂದು ರಕ್ತ ತೆಗೆದುಕೊಂಡು ಹೋದೆ. ತಿರುವನಂತಪುರದ ಪಟ್ಟಂನಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ, ಪರೀಕ್ಷೆಯ ದ್ರವ ಬೆರೆಸಿದೊಡನೆ ಗಾಜಿನ ಮೇಲಿನ ಹನಿ ಒಡೆದ ಹಾಲಿನ ಹಾಗೆ ಕಾಳುಕಾಳಾಯಿತು. ಬ್ರುಸೆಲ್ಲಾ. ಹಸು, ಆಡು, ಹಂದಿಗಳ ಗಬ್ಬ ಕೆಡಿಸುವ ರೋಗಾಣುಗಳ ಗುಂಪು—ಮುಟ್ಟಿದ ಕೈಯಿಂದ, ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಗಾಜನ್ನು ತೊಳೆದಿಟ್ಟೆ. "ಹಸು ಎಲ್ಲೋ ಜಾರಿ ಬಿದ್ದಿರಬೇಕು" ಎಂದು ನಿನಗೆ ಹೇಳಿದೆ. ಏನೋ ನೆಪ ಮಾಡಿ ಅದನ್ನು ನಿಮ್ಮ ಮನೆಯಿಂದ ಸಾಗಿಸಿದೆ. ನಿನಗೂ ತಗುಲಿರಬಹುದು ಎಂಬುದನ್ನು ಮಾತ್ರ—

ಆಮೇಲೆ ನಿನಗೆ ಜ್ವರ ಶುರುವಾಯಿತು. ಸಂಜೆ ಏರುವುದು, ಬೆವರಿ ಇಳಿಯುವುದು, ಮತ್ತೆ ಏರುವುದು. ನೀನು ಸೊಂಟ ಹಿಡಿದುಕೊಂಡು ನಡೆಯುತ್ತಿದ್ದೆ. ವೈದ್ಯರು ಟೈಫಾಯ್ಡ್ ಇರಬೇಕೆಂದು ಮದ್ದು ಕೊಟ್ಟರು. ಅವರ ಎದುರು ಕುರ್ಚಿಯಲ್ಲಿ ನಾನೇ ಕೂತಿದ್ದೆ. ಒಂದು ಮಾತು ಸಾಕಿತ್ತು. ಹೇಳಿದರೆ, ಹಸು ತಂದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

ಮಗು ಹೋಯಿತು. ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ತಿರುಗಿ ನೀನು ಕೇಳಿದೆ: "ಆ ಕೊಡ ಎತ್ತಿದ್ದರಿಂದ ಹೀಗಾಯ್ತಾ ಎಂತ, ತಮ್ಮಾ? ಅತ್ತೆ ಹಾಗೆ ಹೇಳ್ತಾರೆ. ನಿನಗೆ ಗೊತ್ತುಂಟಲ್ಲ."

"ಭಾರ ಎತ್ತಬಾರದಿತ್ತಕ್ಕ" ಎಂದೆ.

"ಹೌದು" ಎಂದೆ ನೀನು. ಅಳಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ—ಹೊರಗೆ ಯಾರೋ ಚಾಯ ಮಾರುತ್ತಿದ್ದದ್ದು ನೆನಪಿದೆ.

ಮತ್ತೆ ನಿನಗೆ ಮಕ್ಕಳಾಗಲಿಲ್ಲ. ಆ ರೋಗಾಣುವೇ ಮಗುವನ್ನು ಕೊಂದಿತೇ ಎಂದು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸದ ಹಾಗೆ ನಾನು ನೋಡಿಕೊಂಡೆ.

ಈಗ ಇಬ್ಬರ ತಲೆಯೂ ನೆರೆತಿದೆ. ಮೊನ್ನೆ ನನಗೆ ಬಡಿಸುತ್ತಾ, ಪಕ್ಕದ ಮನೆಯ ಬಸುರಿಯ ಮಾತು ಬಂದಾಗ ನೀನು ಹೇಳಿದೆ: "ಭಾರ ಎತ್ತಬೇಡ ಅಂತ ಅವಳಿಗೆ ಹೇಳಿದ್ದೇನೆ. ನನ್ನ ಮಗುವನ್ನು ನಾನೇ ಕೊಂದದ್ದಲ್ಲವಾ." ಉಪ್ಪು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದೆ. ನಾನು ಅನ್ನ ಕಲಸುತ್ತಿದ್ದೆ. ಕಲಸಿದ್ದನ್ನು ಪೂರ್ತಿ ಉಂಡೆ.

ಬರುವ ಭಾನುವಾರ ಮತ್ತೆ ಬರುತ್ತೇನೆ. ಭಾವನನ್ನೂ ಕೂರಿಸಿಕೊಂಡು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಅದಾದ ಮೇಲೆ ನೀನು ಊಟಕ್ಕೆ ಏಳು ಅನ್ನದಿದ್ದರೆ, ಚಪ್ಪಲಿ ಮೆಟ್ಟಿ ಹೊರಡುತ್ತೇನೆ.