ಆಲೆಮನೆ ಅಕ್ಕನ ಹೊಗೆ

ಆಲೆಮನೆ ಅಕ್ಕನಿಗೆ ಎಡಗಡೆಯ ಹುಬ್ಬು ಇರಲಿಲ್ಲ. ಬೆಲ್ಲದ ಒಲೆಯ ಬಾಯಿಗೆ ಬಗ್ಗಿ ಉರಿ ನೋಡಿ ನೋಡಿ ಅದು ಸೀದುಹೋಗಿ, ಆಮೇಲೆ ಬೆಳೆಯುವುದನ್ನೇ ಬಿಟ್ಟಿತ್ತು. ನೆಂಟರ ಮದುವೆಗೆ ಹೊರಟಾಗ ಮಗಳು ಕಾಡಿಗೆಯಲ್ಲಿ ಒಂದು ಹುಬ್ಬು ಬರೆದರೆ ಬಸ್ಸು ಹತ್ತುವ ಮೊದಲೇ ಸೆರಗಿನಲ್ಲಿ ಒರೆಸಿ ಹಾಕುತ್ತಿದ್ದರು. ಒಮ್ಮೆ ನಾನು ಅವರ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಹುಬ್ಬು ಕೂರಿಸಿಕೊಡುತ್ತೇನೆ ಎಂದೆ. "ಬ್ಯಾಡ ಬುಡ್ಲಾ, ಇದು ನಾನು ಸಂಪಾದ್ನೆ ಮಾಡಿರಾದು" ಎಂದು ನಕ್ಕುಬಿಟ್ಟರು.

ನಾನು ಮದ್ದೂರಿನಲ್ಲಿ ಡ್ರೋನ್ ಹಾರಿಸಿ ಫೋಟೊ ತೆಗೆಯುವವನು. ಮದುವೆ, ಗೃಹಪ್ರವೇಶ, ಮಾರಾಟಕ್ಕಿಟ್ಟ ಸೈಟು, ಯಾವುದು ಬಂದರೂ ಸರಿ. ಅಕ್ಕನ ಆಲೆಮನೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಕೂಗಳತೆಯಷ್ಟು ಒಳಗೆ. ನಮಗೆ ಸಂಬಂಧವೇನೂ ಇಲ್ಲ. ಬೆಲ್ಲಕ್ಕೆ ಹೋಗುತ್ತಿದ್ದೆ, ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ಆತುರಕ್ಕೆ ಬಿಸಿ ಬೆಲ್ಲ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡರೆ "ಯಾರು ಕಿತ್ಕತಾರೆ ಅಂತ ನುಂಗ್ತಿದ್ದೀಯಲಾ?" ಎಂದು ಬಯ್ಯುವರು. ಬಯ್ದು, ಕಾಯಿತುರಿ ಉದುರಿಸಿ ಇನ್ನೊಂದು ಉಂಡೆ ಕೊಡುವರು.

ಅವರ ಯಜಮಾನರು ತೀರಿಕೊಂಡಾಗ, ಸಾವಿನ ಮನೆಯಲ್ಲಿ ಒಲೆ ಉರಿಯಬಾರದು ಎಂದು ಹಿರಿಯರು ಆಲೆಮನೆಯ ಒಲೆಯನ್ನೂ ಆರಿಸಿದರು. ತಿಥಿ ಕಳೆಯುವವರೆಗೆ ಬರೀ ಬೂದಿ. ಕಡಿದ ಕಬ್ಬು ಕಾಯುತ್ತದೆಯೇ? ಅಂಗಳದಲ್ಲಿ ರಾಶಿ ಬಿದ್ದದ್ದು ಒಣಗಿತು, ರೈತರು ಮಿಕ್ಕದ್ದನ್ನು ಬೇರೆ ಆಲೆಮನೆಗಳಿಗೆ ಹೊಡೆದರು. ಅಷ್ಟರಲ್ಲಿ "ಆ ಆಲೆಮನೆ ನಿಂತೋಯ್ತಂತೆ" ಎಂಬ ಮಾತು ಊರೂರು ಸುತ್ತಿತ್ತು. ಅಕ್ಕ ಮತ್ತೆ ಒಲೆ ಹಚ್ಚಿದರೂ ಕಬ್ಬಿನ ಟ್ರ್ಯಾಕ್ಟರುಗಳು ಅವರ ಬಾಗಿಲು ದಾಟಿ ಮುಂದಕ್ಕೆ ಹೋಗುತ್ತಿದ್ದವು. ಗಂಡನ ತಮ್ಮ ಬೇರೆ, ಹೆಂಗಸಿನ ಕೈಲಿ ಇದು ನಡೆಯುವುದಿಲ್ಲ, ಗಾಣ ಮಾರಿ ಮುಚ್ಚಿಬಿಡೋಣ ಎಂದು ದಿನಾ ತಲೆ ತಿನ್ನುತ್ತಿದ್ದ. ಆ ಸಲ ಕಬ್ಬು ಬರದಿದ್ದರೆ ಅವನ ಮಾತೇ ಗೆಲ್ಲುವುದಿತ್ತು.

ಆಗ ಅಕ್ಕನ ಮಗಳು ನನಗೆ ಫೋನು ಮಾಡಿದಳು. ಆಲೆಮನೆಯ ಮೇಲೆ ನಿಂತು ಸುತ್ತಲೂ ತಿರುಗಿ ನೋಡಿದ ಹಾಗೆ ಕಾಣುವ ಚಿತ್ರ ತೆಗೆದು ಫೋನಿನ ನಕ್ಷೆಗೆ ಹಾಕಬೇಕು, ಕಬ್ಬು ತರುವವರೂ ಬೆಲ್ಲ ಕೊಳ್ಳುವವರೂ ಕಣ್ಣಾರೆ ನೋಡಲಿ ಎಂದಳು. ಹೋಗಿ ಡ್ರೋನ್ ಎಬ್ಬಿಸಿದೆ. ಅದು ಒಂದೇ ಕಡೆ ನಿಂತು ನಾಲ್ಕು ದಿಕ್ಕನ್ನೂ ನೆಲವನ್ನೂ ತೆಗೆಯುತ್ತದೆ. ನೆತ್ತಿಯ ಮೇಲಿನ ಆಕಾಶವನ್ನು ಮಾತ್ರ ತೆಗೆಯಲಾರದು, ಅದರ ಕ್ಯಾಮೆರಾ ಅಷ್ಟು ಮೇಲಕ್ಕೆ ತಿರುಗುವುದಿಲ್ಲ. ಚಿತ್ರಗಳನ್ನು ಜೋಡಿಸಿದಾಗ ಮೇಲೊಂದು ಕಪ್ಪು ತೂತು ಉಳಿಯುತ್ತದೆ. ಅದಕ್ಕೆಂದೇ ಸಾಫ್ಟ್‌ವೇರ್ ಇದೆ, ಹೇಳಿದರೆ ತಾನೇ ಒಂದು ಆಕಾಶ ತಂದು ಹೊದಿಸುತ್ತದೆ. ಹೊದಿಸಿದೆ. ಒಳ್ಳೆ ನೀಲಿ, ಎರಡು ಬಿಳಿ ಮೋಡ. ಜಂಬದಿಂದ ಟ್ಯಾಬು ತಂದು ಅಕ್ಕನ ಮುಂದೆ ಹಿಡಿದೆ.

ಅಕ್ಕ ಬೆರಳಲ್ಲಿ ಚಿತ್ರ ತಿರುಗಿಸುತ್ತ ಹೋದರು. ಗದ್ದೆ, ತೆಂಗು, ಹಿಂಡಿ ಒಣಗಲು ಹಾಕಿದ ಕಬ್ಬಿನ ರಚ್ಚು. ಚಿಮಣಿ ಬಂದಾಗ ಬೆರಳು ನಿಂತಿತು.

"ಹೊಗೆ ಎಲ್ಲೋಯ್ತ್ಲಾ?"

ನಾನೂ ಬಗ್ಗಿ ನೋಡಿದೆ. ಚಿಮಣಿಯ ತುದಿಗೇ ಕತ್ತರಿ ಆಡಿಸಿದ ಹಾಗೆ ಹೊಗೆ ಮಾಯ! ಸಾಫ್ಟ್‌ವೇರ್ ಅದನ್ನೂ ಮಾಸಲು ಆಕಾಶವೆಂದೇ ತಿಳಿದು ಒರೆಸಿ, ಮೇಲೆ ನೀಲಿ ಬಳಿದಿತ್ತು.

"ಆಕಾಶ ಚೆನ್ನಾಗ್ ಬಂದದಲ್ಲಕ್ಕ" ಎಂದೆ. ಬೇರೇನು ಹೇಳಲಿ?

"ಆಕಾಸ ಯಾರಿಗ್ಲಾ ಬೇಕು? ಹೊಗೆ ಇಲ್ದಿದ್ರೆ ಒಲೆ ಆರೋಗದೆ ಅಂತ್ಲೇ ಅಲ್ವ? ನನ್ ಮೈದ್ನ ಬಾಯಲ್ಲಿ ಯೋಳಾದ್ನ ನೀನು ಪಟ ತಗ್ದು ಯೋಳ್ತಿದ್ದೀಯ!" ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ನಿಜವಾಗಿ ಸಂಕಟವಾಯಿತು.

ಡ್ರೋನಿಗೆ ತಲೆ ಎತ್ತಲು ಬರುವುದಿಲ್ಲ, ಅದಕ್ಕೇ ಹೀಗೆಲ್ಲ ಮಾಡಬೇಕು ಎಂದು ವಿವರಿಸಿದೆ. ಪೂರ್ತಿ ಕೇಳಿದರು.

"ಮಿಷಿನ್ಗೆ ಎತ್ತಕ್ಕಾಗಕಿಲ್ಲ, ಸರಿ. ನಿನ್ ಕತ್ತಿಗೇನಾಗದೆ ಧಾಡಿ?"

ಮಾರನೆಯ ದಿನ ಮತ್ತೆ ಹೋದೆ. ಹೊಗೆ ಪೂರ್ತಿ ಕಾಣುವಷ್ಟು ದೂರದಲ್ಲಿ ಡ್ರೋನ್ ನಿಲ್ಲಿಸಿ ಸುತ್ತಲಿನದು ತೆಗೆದೆ. ಆಮೇಲೆ ಅದೇ ಜಾಗದ ಕೆಳಗೆ, ಒಣಗಿದ ರಚ್ಚಿನ ಮೇಲೆ ಅಂಗಾತ ಮಲಗಿ, ಕ್ಯಾಮೆರಾ ಎದೆಗಿಟ್ಟುಕೊಂಡು ನೆತ್ತಿಯ ಆಕಾಶವನ್ನು ನಾನೇ ತೆಗೆದೆ. ಬೆನ್ನೆಲ್ಲ ನವೆ. ಅತ್ತ ಅಕ್ಕ ಒಣ ರಚ್ಚಿನ ಜೊತೆ ಒಂದು ತಬ್ಬು ಹಸಿ ರಚ್ಚನ್ನೂ ಒಲೆಗೆ ತಳ್ಳಿ, ಹೊಗೆ ಇನ್ನಷ್ಟು ದಟ್ಟವಾಗಿ ಎದ್ದದ್ದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

"ಇದು ಮೋಸ ಅಲ್ವೇನಕ್ಕ?" ಎಂದೆ.

"ಮದ್ವೆ ಎಣ್ಗೆ ಪೌಡ್ರು ಮೆತ್ತಿ ಪಟ ಇಡಿಯಲ್ವ ನೀವು? ಮುಚ್ಕಂಡ್ ತಗಿ."

ತನ್ನ ಹುಬ್ಬಿಗೆ ಕಾಡಿಗೆ ಬೇಡವೆಂದ ಹೆಂಗಸು ಇವರೇ! ಆದರೆ ಒಲೆಯ ವಿಷಯಕ್ಕೆ ಬಂದರೆ ಅವರ ನ್ಯಾಯವೇ ಬೇರೆ. ಡ್ರೋನ್ ತೆಗೆದ ಆಕಾಶವನ್ನೂ ನಾನು ತೆಗೆದದ್ದನ್ನೂ ಕೂತು ಕೈಯಾರೆ ಹೊಂದಿಸಿ, ಚಿತ್ರವನ್ನು ನಕ್ಷೆಗೆ ಹಾಕಿದೆ.

ಚಿತ್ರ ನೋಡಿ ಬಂದರೋ, ಬೆಲ್ಲದ ರುಚಿಗೆ ಬಂದರೋ ಗೊತ್ತಿಲ್ಲ. ಕಬ್ಬಂತೂ ಬಂತು. ಯಲಿಯೂರು ಕಡೆಯ ಟ್ರ್ಯಾಕ್ಟರಿನವನೊಬ್ಬ ಫೋನು ಮುಂದೆ ಹಿಡಿದು "ಈ ಹೊಗೆ ಇರಾ ಆಲೆಮನೆ ಇದೇಯ?" ಎಂದು ಕೇಳಿಕೊಂಡು ಬಂದನಂತೆ. ನಾನು ಹೋದಾಗಲೆಲ್ಲ ಅಕ್ಕ ಅದನ್ನು ಹೇಳುತ್ತಿದ್ದರು, ಹೊಸದಾಗಿ ಹೇಳುವ ಹಾಗೆ. ಗಂಡನ ತಮ್ಮನೂ ಗಾಣ ಮಾರುವ ಮಾತು ಬಿಟ್ಟ. ನಾನು ಅಂದಿನಿಂದ ಎಲ್ಲಿ ಡ್ರೋನ್ ಹಾರಿಸಿದರೂ ನೆಲಕ್ಕೆ ಮಲಗಿ ಅಲ್ಲಿಯ ಆಕಾಶವನ್ನೇ ತೆಗೆಯುತ್ತೇನೆ. ಛತ್ರಗಳ ಮುಂದೆ ಜನ ನೋಡಿ ನಗುತ್ತಾರೆ, ನಗಲಿ.

ಹೋದ ವರ್ಷ ಶಿವನಸಮುದ್ರದ ಹತ್ತಿರ ಒಂದು ಮದುವೆಯಲ್ಲಿದ್ದೆ. ಅಕ್ಕನ ಮೈದುನನ ಫೋನು ಬಂತು. ಅತ್ತಿಗೆ ಬೆಳಗ್ಗೆ ಹೋಗಿಬಿಟ್ಟರು, ಎದೆನೋವು ಅಂದರು ಅಷ್ಟೆ, ಎಂದ. ಕೆಲಸ ಜೊತೆಗಾರನಿಗೆ ಒಪ್ಪಿಸಿ ಬೈಕು ಹತ್ತಿದೆ. ಮಳವಳ್ಳಿ ದಾಟಿ ಆಲೆಮನೆಯ ತಿರುವಿಗೆ ಬಂದರೆ, ತೆಂಗಿನ ಮರಗಳ ಮೇಲೆ ಹೊಗೆ! ದಟ್ಟವಾದ, ನೆಟ್ಟಗಿನ ಹೊಗೆ. ಬೈಕು ನಿಲ್ಲಿಸಿಬಿಟ್ಟೆ. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲವಲ್ಲ. ಹಾಗಾದರೆ ಅಕ್ಕ ಇದ್ದಾರೆ, ಆಸ್ಪತ್ರೆಯಿಂದ ವಾಪಸು ತಂದಿರಬೇಕು, ಆ ಮನುಷ್ಯ ಗಾಬರಿಗೆ ಏನೋ ಒದರಿದ್ದಾನೆ. "ಅಬ್ಬಾ, ಸದ್ಯ" ಎಂದು ಬಾಯಿಬಿಟ್ಟೇ ಅಂದೆ.

ಒಳಗೆ ಹೋದೆ. ಅಂಗಳದಲ್ಲಿ ಚಾಪೆಯ ಮೇಲೆ ಅಕ್ಕನನ್ನು ಮಲಗಿಸಿದ್ದರು. ಹಣೆಗೆ ವಿಭೂತಿ, ಎಡಗಡೆ ಹುಬ್ಬಿಲ್ಲ. ಹಿರಿಯರು ಮುಖ ಗಂಟಿಕ್ಕಿಕೊಂಡು ಒಂದು ಕಡೆ ಕೂತಿದ್ದರು. ಒಲೆಯ ಬಾಯಲ್ಲಿ ಮಗಳು ಕೂತು ರಚ್ಚು ತಳ್ಳುತ್ತಿದ್ದಳು, ಕಣ್ಣು ಊದಿಕೊಂಡಿದ್ದವು. ನನ್ನನ್ನು ನೋಡಿ ಎದ್ದು ನಿಂತಳು.

"ಅವ್ವ ಮೊದ್ಲೇ ಆಣೆ ಆಕುಸ್ಕಂಡಿತ್ತು ಕಣಣ್ಣ. ನಾನ್ ಸತ್ರೂ ಒಲೆ ಆರುಸ್ಬ್ಯಾಡ, ಕಬ್ಬಿನೋರು ಗಾಡಿ ತಿರುಗ್ಸ್ಕಂಡ್ ಓಯ್ತಾರೆ ಅಂತ."

ಹೊಗೆ ಕಣ್ಣಿಗೆ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಅಲ್ಲೇ ರಚ್ಚಿನ ಮೇಲೆ ಕುಸಿದು ಗೊಳೋ ಎಂದು ಅತ್ತೆ. ಮಗಳು ಕಣ್ಣು ಒರೆಸಿಕೊಂಡು, ಒಲೆಗೆ ಇನ್ನೊಂದು ತಬ್ಬು ತಳ್ಳಿದಳು.