ಉಳಿದ ಹದಿಮೂರು ಸೆಕೆಂಡು

ಊರಿಗೆಲ್ಲ ಜ್ವರ ಹಬ್ಬಿ, ಆಸ್ಪತ್ರೆಯ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ದಿನ ಅವಳ ಅಮ್ಮ ಗಂಟಲು ಹರಿದುಕೊಂಡು ಕೂಗಿದ್ದು ಇಷ್ಟು: "ಸಾಯೋರು ಸಾಯ್ಲಿ ಅಂತ ಬಿಟ್ಬಿಡೋಕಾಗುತ್ತಾ? ಮೊದ್ಲು ಬಾಗಿಲು ಬಿಡಿ!" ಅಮ್ಮ ಅಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಯಾರೋ ಅದನ್ನು ಫೋನಿನಲ್ಲಿ ಹಿಡಿದು, ‘ಸಾಯೋರು ಸಾಯ್ಲಿ’ ಎಂಬಲ್ಲಿಗೆ ಕಚಕ್ಕನೆ ಕತ್ತರಿಸಿ, ಹಿಂದೆ ಡೋಲಿನ ಸದ್ದು ಸೇರಿಸಿ ಹರಿಯಬಿಟ್ಟರು. ಒಂಬತ್ತು ಸೆಕೆಂಡು. ವಾರದೊಳಗೆ ಅಮ್ಮ ಲಕ್ಷಾಂತರ ಜನರ ಪಾಲಿಗೆ ‘ಸಾಯ್ಲಿ ಸಿಸ್ಟರ್’ ಆದಳು. ಪರೀಕ್ಷೆ ಮುಂದೂಡಿದರೂ, ಚುನಾವಣೆಯಲ್ಲಿ ಯಾರು ಸೋತರೂ ಜನ ಒಬ್ಬರಿಗೊಬ್ಬರು ಕಳಿಸುತ್ತಿದ್ದುದು ಅಮ್ಮನ ಮುಖವನ್ನೇ. ಆಸ್ಪತ್ರೆಯವರು ಆಕೆಯನ್ನು ವಾರ್ಡಿನಿಂದ ತೆಗೆದು, ಹೊದಿಕೆ ಮಡಚುವ ಕೋಣೆಗೆ ಹಾಕಿದರು.

ಮಗಳು ಆಗ ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದಳು. ಹಳೆಯ ಸಂಪಾದಕೀಯಗಳ ಮೇಲೆ ಬರೆಯುತ್ತಿದ್ದವಳು ಮಾರ್ಗದರ್ಶಕಿಯ ಮುಂದೆ ಹೋಗಿ, "ವಿಷಯ ಬದಲಾಯಿಸ್ತೀನಿ ಮೇಡಂ. ಒಂದು ತಮಾಷೆ ವಿಡಿಯೋ ಎಲ್ಲಿಂದ ಹೊರಟು ಎಲ್ಲೆಲ್ಲಿ ಸುತ್ತುತ್ತೆ ಅಂತ ನೋಡ್ಬೇಕು" ಎಂದಳು. ಯಾವ ವಿಡಿಯೋ ಎಂದು ಮೇಡಂ ಕೇಳಲಿಲ್ಲ.

ಹದಿನಾಲ್ಕು ತಿಂಗಳು ಒಂದೊಂದೇ ಪ್ರತಿಯ ಬೆನ್ನು ಹತ್ತಿದಳು. ಮೊದಲು ಹಾಕಿದ ಖಾತೆ ಅಳಿಸಿಹೋಗಿತ್ತು. ಸಿಕ್ಕಿದ್ದರಲ್ಲಿ ಅತಿ ಹಳೆಯದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ, ಬಾಗಿಲ ಗಾಜಿನಲ್ಲಿ ಚಿತ್ರ ಹಿಡಿಯುತ್ತಿದ್ದವನ ಹೆಗಲ ಚೀಲ ಕಂಡಿತು. ಅವರದೇ ವಿಭಾಗದ ವಿಚಾರ ಸಂಕಿರಣದಲ್ಲಿ ಹಂಚಿದ ಹಸಿರು ಚೀಲ. ಅದನ್ನು ದಿನವೂ ನೇತುಹಾಕಿಕೊಂಡು ಬರುತ್ತಿದ್ದವನು ಒಬ್ಬನೇ, ಅವಳ ಎದುರು ಮೇಜಿನ ಹಿರಿಯ ಸಂಶೋಧಕ. ಕಂಡಕಂಡವರ ಪೋಸ್ಟಿಗೆ ಹೋಗಿ ಕಾಗುಣಿತ, ಇಸವಿ, ಅಂಕಿ ತಿದ್ದಿ ಬರುವ ಚಾಳಿಯಿಂದ ಅವನಿಗೆ ‘ತಿದ್ದುಪಡಿ’ ಎಂದೇ ಹೆಸರು. ಆ ನೂಕುನುಗ್ಗಲಿನ ವಾರ ಅವನೂ ಜ್ವರವೆಂದು ಅದೇ ಆಸ್ಪತ್ರೆಗೆ ಹೋಗಿದ್ದ. ಅಮ್ಮನ ಸುದ್ದಿ ಹರಡಿದ ಮೇಲೆ ಅವಳಿಗೆ ಟೀ ತಂದುಕೊಟ್ಟು, "ಬೇಜಾರು ಮಾಡ್ಕೋಬೇಡ ಕಣಮ್ಮ, ಇಂಟರ್ನೆಟ್ಟು ಎರಡು ದಿನದಲ್ಲಿ ಮರ್ತುಬಿಡುತ್ತೆ" ಎಂದಿದ್ದವನೂ ಅವನೇ.

"ಚೀಲ ಸಾಕ್ಷಿ ಆಗಲ್ಲಮ್ಮ," ಎಂದರು ಮೇಡಂ. "ಪ್ರಬಂಧದಲ್ಲಿ ಯಾರ ಹೆಸರನ್ನೂ ಬರೆಯೋ ಹಾಗಿಲ್ಲ. ನಿಯಮ."

"ನಾನು ಬರೆಯಲ್ಲ ಬಿಡಿ ಮೇಡಂ."

ಇಡೀ ವಿಭಾಗದ ಮುಂದೆ ಪ್ರಗತಿ ವರದಿ ಒಪ್ಪಿಸುವ ದಿನ ತಿದ್ದುಪಡಿ ಎರಡನೇ ಸಾಲಿನಲ್ಲಿ ಕೂತಿದ್ದ. ಅವಳು ವಿಡಿಯೋವನ್ನು ಪರದೆಗೆ ಹಾಕಿ, ಬೇಕೆಂದೇ ಹೆಣೆದುಕೊಂಡು ಬಂದಿದ್ದ ಸುಳ್ಳನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು: "ರೆಕಾರ್ಡ್ ಆಗಿರೋದೇ ಒಂಬತ್ತು ಸೆಕೆಂಡ್. ನೂಕುನುಗ್ಗಲಲ್ಲಿ ಫೋನ್ ಕೈ ಜಾರಿರಬೇಕು. ತೆಗೆದವನು ತೀರಾ ಪೆದ್ದ, ಎಡಿಟಿಂಗ್ ಗಂಧಗಾಳಿಯೂ ಇದ್ದಂತಿಲ್ಲ."

ಯಾರೋ ನಕ್ಕರು. ತಿದ್ದುಪಡಿಯ ಕಾಲು ಅಲ್ಲಾಡತೊಡಗಿತು. ಪೆನ್ನು ಕೆಳಗಿಟ್ಟ, ಎತ್ತಿಕೊಂಡ. ಕೊನೆಗೆ ತಡೆಯಲಾರದೆ ಎದ್ದುನಿಂತ.

"ತಪ್ಪು. ಅದು ಇಪ್ಪತ್ತೆರಡು ಸೆಕೆಂಡಿನ ವಿಡಿಯೋ. ಕತ್ತರಿಸಿರೋದು. ಕಟ್ ಎಷ್ಟು ನೀಟಾಗಿದೆ, ಕಾಣಲ್ವಾ?"

"ಉಳಿದ ಹದಿಮೂರು ಸೆಕೆಂಡು ಇವತ್ತಿನವರೆಗೂ ಎಲ್ಲೂ ಬಂದಿಲ್ಲ," ಎಂದಳು ಅವಳು. "ನೀವೆಲ್ಲಿ ನೋಡಿದ್ರಿ, ಅಣ್ಣ?"

ಅವನ ಮುಖ ಬಿಳುಚಿಕೊಂಡಿತು. ಎಲ್ಲರೂ ಅವನತ್ತ ತಿರುಗಿದರು. ಅವಳು ಮುಂದಿನ ಚಿತ್ರಕ್ಕೆ ಹೋಗದೆ, ಕೈಕಟ್ಟಿಕೊಂಡು, ಕಣ್ತುಂಬ ನೋಡುತ್ತ ನಿಂತಳು.

ವಿಚಾರಣೆ ನಡೆಯಿತು. ಪೂರ್ತಿ ವಿಡಿಯೋ ಅವನ ಫೋನಿನಲ್ಲೇ ಸಿಕ್ಕಿತು. ಖಾತ್ರಿಯಾಗಿದ್ದ ಉಪನ್ಯಾಸಕನ ಕೆಲಸ ಕೈತಪ್ಪಿತು. ಒಂದು ಮಧ್ಯಾಹ್ನ ಅವನು ಮೆಟ್ಟಿಲ ಬಳಿ ಅವಳನ್ನು ಅಡ್ಡಗಟ್ಟಿ, "ತಮಾಷೆಗೆ ಮಾಡಿದ್ದು ಕಣಮ್ಮ. ನಿಮ್ಮಮ್ಮ ಅಂತ ಆಗ ಗೊತ್ತಿರ್ಲಿಲ್ಲ. ಕಮಿಟಿಯವರಿಗೆ ಒಂದು ಮಾತು ಹೇಳು" ಎಂದು ಗೋಗರೆದ.

"ಗೊತ್ತಾದ್ಮೇಲೆ ಟೀ ತಂದ್ಕೊಟ್ರಲ್ಲ," ಎಂದು ಅವಳು ಇಳಿದುಹೋದಳು. ಪಾಪ ಎನಿಸೀತೇನೋ ಎಂದು ಬಾಗಿಲವರೆಗೂ ಕಾದಳು. ಎನಿಸಲಿಲ್ಲ.

ಅಮ್ಮ ವಾರ್ಡಿಗೆ ಮರಳಿದಳು. ಆಸ್ಪತ್ರೆ ಹಾಕಿದ ಪೂರ್ತಿ ವಿಡಿಯೋವನ್ನು ನೋಡಿದವರು ನಾನೂರು ಚಿಲ್ಲರೆ ಮಂದಿ. ಬಸ್ಸಿನಲ್ಲಿ ಈಗಲೂ ಯಾರಾದರೊಬ್ಬರು ಗುರುತು ಹಿಡಿದು ಕಿಸಕ್ಕೆನ್ನುತ್ತಾರೆ. ‘ಹೋಗ್ಲಿ ಬಿಡು, ಪಾಪ, ಅವನ ಹೊಟ್ಟೆ ಮೇಲೆ ಹೊಡೀಬೇಡ’ ಎಂದು ಅಮ್ಮ ಅನ್ನಬಹುದೆಂಬ ಅಳುಕು ಮಗಳಿಗಿತ್ತು. ಅಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಅವನ ಮುಖ ಹೇಗಾಯ್ತು ಅಂದೆ? ಅದೊಂದನ್ನ ಇನ್ನೊಂದ್ಸಲ ಹೇಳು."

ಮಗಳು ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಶುರುಮಾಡಿದಳು.