ಭಾನುವಾರದ ಚಿಲ್ಲಿಗೆ ಬಂದ ಹೊಗಳಿಕೆ

ಜೀರಿಗೆ ಸೀದ ವಾಸನೆ ವರಾಂಡದವರೆಗೂ ಬಂತು. ಪೇಪರ್ ಮಡಚಿಟ್ಟು ಎದ್ದೆ. ಗಾಬರಿಯಾಗಬೇಡಿ, ಅನಾಹುತವೇನೂ ಆಗಿರಲಿಲ್ಲ. ಭಾನುವಾರವಾಗಿತ್ತು, ನಮ್ಮ ಯಜಮಾನರು ಅಡುಗೆ ಮಾಡುತ್ತಿದ್ದರು, ಅಷ್ಟೆ.

ರಿಟೈರ್ ಆದ ಗಂಡಸರಿಗೆ ಏನೇನೋ ಬರುತ್ತದೆ, ಶುಗರ್, ಬಿಪಿ, ಮಂಡಿನೋವು. ನಮ್ಮವರಿಗೆ ಇವೆಲ್ಲದರ ಜೊತೆಗೆ ಕುಕಿಂಗ್ ಬಂದಿದೆ. ಅದೂ ಒಂದೇ ಐಟಂ, ವೆಜಿಟೇರಿಯನ್ ಚಿಲ್ಲಿ. ರಾಜ್ಮಾ, ಟೊಮೆಟೊ, ಕ್ಯಾಪ್ಸಿಕಂ, ಈರುಳ್ಳಿ, ಬೆಳ್ಳುಳ್ಳಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಅಚ್ಚಖಾರದ ಪುಡಿ ಹಾಕಿ, ಗಟ್ಟಿಯಾಗುವವರೆಗೆ ಕುದಿಸುವ ಪರದೇಶದ ಗೊಜ್ಜು ಅದು. ಯೂಟ್ಯೂಬಿನ ಗಡ್ಡದವನೊಬ್ಬ ಇವರ ಗುರು. ಅವನು ಹೇಳಿದನೆಂದು ಕೊನೆಯಲ್ಲಿ ಚಾಕೊಲೇಟ್ ತುಂಡೊಂದನ್ನೂ ಹಾಕುತ್ತಾರೆ. ಅದೇ ಜಾಗಕ್ಕೆ ನಾನು ಒಂದು ಚೂರು ಬೆಲ್ಲ ಹಾಕೋಣವೆಂದರೆ, "ಅದೆಲ್ಲ ಆಥೆಂಟಿಕ್ ಅಲ್ಲ ಕಣೇ" ಎನ್ನುತ್ತಾರೆ.

ಅಡುಗೆ ಮಾಡುತ್ತಾರೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಳು ನೆನೆಹಾಕಿದ್ದು ನಾನು. ಬೆಳ್ಳುಳ್ಳಿ ಸುಲಿದದ್ದು, ಈರುಳ್ಳಿ ಹೆಚ್ಚಿ ಕಣ್ಣೀರು ಸುರಿಸಿದ್ದು, ಕುಕ್ಕರ್ ಕೂಗಿಸಿದ್ದು, ಎಲ್ಲ ನಾನೇ. ಆಮೇಲೆ ಇವರು ಏಪ್ರನ್ ಕಟ್ಟಿಕೊಂಡು ಬಂದು ಸೌಟು ಹಿಡಿಯುತ್ತಾರೆ. ಆಪರೇಷನ್ ಥಿಯೇಟರಿಗೆ ದೊಡ್ಡ ಡಾಕ್ಟರ್ ಬಂದ ಹಾಗೆ.

ಅಂದು ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಚಮಚದಿಂದ ಚಿಲ್ಲಿ ತೆಗೆದು ಉಫ್ ಎಂದು ಊದಿ ಬಾಯಿಗಿಟ್ಟರು. ಅದೇ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಿದರು.

ನನ್ನ ಮನಸ್ಸು ಸೀದಾ ಗುಬ್ಬಿಗೆ ಹೋಯಿತು.

ಮದುವೆಯಾಗಿ ನಾನು ಮೊದಲು ಬಂದದ್ದು ಗುಬ್ಬಿಯ ಮನೆಗೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಹೊರದೇಶದಿಂದ ಬಂದಿದ್ದ ಸಿಸ್ಟರ್ ಒಬ್ಬರು ನಮಗೆ ಡೊಮೆಸ್ಟಿಕ್ ಸೈನ್ಸ್ ಹೇಳಿಕೊಡುತ್ತಿದ್ದರು. ಇದೇ ಚಿಲ್ಲಿಯನ್ನು ನನಗೆ ಕಲಿಸಿದವರು ಅವರೇ. "ಗರ್ಲ್ಸ್, ಆಲ್ವೇಸ್ ಟೇಸ್ಟ್ ಆಸ್ ಯೂ ಕುಕ್" ಎನ್ನುವುದು ಅವರ ಮೊದಲ ಪಾಠ. ಹೊಸ ಸೊಸೆ, ಏನಾದರೂ ಮಾಡಿ ತೋರಿಸಬೇಕೆಂಬ ಚಪಲ. ರಾಜ್ಮಾ ಸಿಗದ ಊರಿನಲ್ಲಿ ಅಲಸಂದೆ ಕಾಳು ಬೇಯಿಸಿ, ಟೊಮೆಟೊ ಹಾಕಿ, ಸಿಸ್ಟರನ್ನು ನೆನೆದು ಚಿಲ್ಲಿ ಮಾಡಿದೆ. ಘಮ ಘಮ ಎನ್ನುತ್ತಿತ್ತು. ಉಪ್ಪು ಸರಿಯಾಗಿದೆಯೇ ಎಂದು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಏನಮ್ಮಾ, ದೇವ್ರಿಗೆ ಮುಂಚೆ ನಿಂಗೇ ನೈವೇದ್ಯನಾ?"

ಆ ಮನೆಯಲ್ಲಿ ಹೆಂಗಸರು ಉಪ್ಪು ಖಾರವನ್ನು ವಾಸನೆಯಿಂದಲೇ ಹೇಳಬೇಕಿತ್ತು. ರುಚಿ ನೋಡಿದರೆ ಎಂಜಲು. ಅತ್ತೆ ಕೂಗಾಡಲಿಲ್ಲ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಹಸುವಿನ ಕಲಗಚ್ಚಿನ ಬಾನಿಗೆ ಸುರಿದರು. ಹಸು ಮೂತಿ ಎತ್ತದೆ ತಳದವರೆಗೂ ನೆಕ್ಕಿತು. ಆ ಮನೆಯಲ್ಲಿ ನನ್ನ ಕೈರುಚಿಯನ್ನು ಮೊದಲು ಮೆಚ್ಚಿದವಳು ಅವಳೇ.

ಇವರು ಅವತ್ತು ಮೊಸರನ್ನ ಉಂಡು ಎದ್ದರು. ಏನಾಯಿತು ಎಂದು ಕೇಳಲಿಲ್ಲ.

ಆಮೇಲೂ ಕೇಳಲಿಲ್ಲ. ಅತ್ತೆ ಹೋದರು, ನಾವು ತುಮಕೂರಿಗೆ ಬಂದು ಮರಳೂರಿನಲ್ಲಿ ಮನೆ ಕಟ್ಟಿದೆವು. ನಾನು ಬೇಯಿಸುತ್ತಲೇ ಇದ್ದೆ, ಇವರು ಉಣ್ಣುತ್ತಲೇ ಇದ್ದರು. ಆಫೀಸಿನಲ್ಲಿ ಎದುರಿಗೆ ಬಂದ ಫೈಲಿಗೆಲ್ಲ ಉದ್ದುದ್ದ ಷರಾ ಬರೆಯುತ್ತಿದ್ದ ಮನುಷ್ಯ, ನನ್ನ ಹುಳಿಯ ಮೇಲೆ ಒಂದು ಅಕ್ಷರ ಬರೆದವರಲ್ಲ. ಒಮ್ಮೆ ನಾನೇ ನಾಚಿಕೆ ಬಿಟ್ಟು ಕೇಳಿದ್ದೆ. "ಇನ್ನೊಂದ್ಸಲ ಬಡಿಸ್ಕೊಂಡ್ರೆ ಚೆನ್ನಾಗಿದೆ ಅಂತಲೇ ಅಲ್ವೇನೇ?" ಎಂದರು. ಒಂದೇ ಒಂದು ಮಾತು, "ಚೆನ್ನಾಗಿದೆ." ಅದನ್ನು ಕೇಳಬೇಕೆಂಬ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲವೆಂದರೆ ನೀವು ನಗುತ್ತೀರಿ. ನಗಿ.

ಅದೇ ಭಾನುವಾರ ಊಟಕ್ಕೆ ನನ್ನ ನಾದಿನಿ ಬಂದಿದ್ದಳು, ಕುಣಿಗಲ್ ಕಡೆ ಅಮೃತೂರಿಗೆ ಕೊಟ್ಟವಳು. ಅಣ್ಣನ ಏಪ್ರನ್ ನೋಡಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ಅಣ್ಣನೇ ಅಡುಗೆ ಮಾಡ್ತಾವ್ನಾ! ಪುಣ್ಯ ಮಾಡಿದ್ರಿ ಬುಡಿ ಅತ್ತಿಗೆ."

"ಹೂಂ ಕಣಮ್ಮ," ಎಂದೆ. "ನಾನು ಮಾಡೋವಾಗ ನಿಮ್ಮಣ್ಣಂಗೆ ಯಾರಾದ್ರೂ ಹಿಂಗಂದಿದ್ರಾ?"

ಅವಳಿಗೆ ಕೇಳಿಸಲಿಲ್ಲ. ಚಿಲ್ಲಿ ಬಾಯಿಗಿಟ್ಟು ಕಣ್ಣು ಮುಚ್ಚಿದ್ದಳು. "ಏನ್ ರುಚಿ ಅಣ್ಣಾ! ಹೋಟ್ಲಲ್ಲೂ ಹಿಂಗಿರಲ್ಲ." ಪಕ್ಕದ ಮನೆಯಾಕೆಗೂ ಒಂದು ಬಟ್ಟಲು ಹೋಯಿತು. ಆಕೆ ಕಾಂಪೌಂಡಿನ ಮೇಲಿಂದಲೇ "ಸೂಪರ್ ಅಂಕಲ್" ಎಂದು ಕೂಗಿದಳು. ಇವರ ಮುಖ ಉಬ್ಬಿದ ಪೂರಿಯಾಯಿತು. ಆದರೂ ತೃಪ್ತಿಯಿಲ್ಲ. ನನ್ನ ಎದುರು ಕೂತು ನಾನು ಪ್ರತಿ ತುತ್ತು ನುಂಗುವುದನ್ನೇ ನೋಡುತ್ತಿದ್ದರು.

"ನೀನೇನೂ ಹೇಳಲೇ ಇಲ್ವಲ್ಲೇ?"

ಕೆಟ್ಟದಾಗಿದ್ದರೆ ಎಷ್ಟು ಸುಲಭವಾಗಿತ್ತು! ಚೆನ್ನಾಗಿತ್ತು, ಹಾಳಾದ್ದು. ಕಾಳು ಬೆಣ್ಣೆಯ ಹಾಗೆ ಬೆಂದಿತ್ತು. ಸುಮ್ಮನೆ ಇನ್ನೊಂದು ಸೌಟು ಬಡಿಸಿಕೊಂಡು ಅವರದೇ ಭಾಷೆಯಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಕಾಯುತ್ತಾ ಕೂತವರ ಮುಖ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಚೆನ್ನಾಗಿದೆ," ಎಂದೆ.

ಇವರು ನಕ್ಕರು. ಆ ನಗು ಮುಗಿಯುವ ಮೊದಲೇ ಕೇಳಿದೆ: "ನೋಡಿದ್ರಾ ರೀ, ಅದನ್ನ ಹೇಳೋಕೆ ಎಷ್ಟು ಹೊತ್ತಾಯ್ತು? ನಿಮಗೆ ಇಷ್ಟು ವರ್ಷ ಅಷ್ಟೂ ಪುರುಸೊತ್ತಾಗ್ಲಿಲ್ವಾ?"

ನಾದಿನಿಯ ಕೈ ಬಟ್ಟಲಲ್ಲೇ ನಿಂತಿತು. ಇವರು ಏಪ್ರನ್ನಿಗೆ ಕೈ ಒರೆಸಿದರು, ಮತ್ತೆ ಒರೆಸಿದರು.

ಮಾರನೇ ದಿನದಿಂದ ಶುರುವಾಯಿತು ನೋಡಿ. ಉಪ್ಪಿಟ್ಟು ಚೆನ್ನಾಗಿದೆ, ಪಲ್ಯ ಚೆನ್ನಾಗಿದೆ, ಮಜ್ಜಿಗೆ ಚೆನ್ನಾಗಿದೆ. ತಟ್ಟೆ ಕೆಳಗಿಡುವ ಮೊದಲೇ ಚೆನ್ನಾಗಿದೆ. ಅಂಗಡಿಯಿಂದ ತಂದ ಬ್ರೆಡ್ಡೂ ಚೆನ್ನಾಗಿದೆ. ಇಷ್ಟು ದಿನ ಕಾದದ್ದು ಈ ರಬ್ಬರ್ ಸ್ಟಾಂಪಿಗೇ ಎಂದು ಒಳಗೊಳಗೇ ಉರಿಯಿತು. ನಿನ್ನೆ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ, ಎದುರಿಗೆ ಕೂತೆ.

ಇವರು ಕಲಸಿದರು, ಬಾಯಿಗಿಟ್ಟರು, ಅಗಿದರು. ನನ್ನ ಮುಖ ನೋಡಿದರು, ತಟ್ಟೆ ನೋಡಿದರು. ಪಾಪ, ಹಣೆ ಬೆವರಿತು.

"ಇದಕ್ಕೆ ಉಪ್ಪೇ ಇಲ್ವಲ್ಲ ಕಣೇ," ಎಂದರು ಮೆಲ್ಲಗೆ.

ಹಾಗಾದರೆ ಮೊನ್ನೆಯ ಪಲ್ಯ ನಿಜವಾಗಿಯೂ ಚೆನ್ನಾಗಿತ್ತು.